ಬ್ಲೇಡು ಹಿಡಿದವನ ಒಂದು ತಕರಾರು

ಮಾನ್ಯ ಸಂಪಾದಕರೇ,

ನೀವೂ ಸಂಪಾದಕರು, ನಾನೂ ಒಂದು ಕಾಲದ ಸಂಪಾದಕ. ನೀವು ಅಕ್ಷರ ಕತ್ತರಿಸುತ್ತೀರಿ, ನಾನು ಟೇಪು ಕತ್ತರಿಸುತ್ತಿದ್ದೆ. ರೇಡಿಯೋ ಕೇಂದ್ರವೊಂದರಲ್ಲಿ 29 ವರ್ಷ ಅದೇ ಕೆಲಸ. ಕಾಲು ಇಂಚು ಅಗಲದ ಕಂದು ಟೇಪು, ಓರೆ ಸೀಳಿರುವ ಒಂದು ಅಲ್ಯೂಮಿನಿಯಂ ಪಟ್ಟಿ, ಗಡ್ಡ ಕೆರೆಯುವ ಬ್ಲೇಡು, ಬಿಳಿ ಮೇಣದ ಪೆನ್ಸಿಲ್ಲು. ನನ್ನ ಸಾಮಾನು ಇಷ್ಟೇ. ಈ ಪತ್ರ ಬರೆಯಲು ಇರುವ ಅರ್ಹತೆಯೂ ಅಷ್ಟೇ.

ಕಳೆದ ಭಾನುವಾರದ ಪುರವಣಿಯಲ್ಲಿ ಜೆ ಡಿಲ್ಲಾ ಎಂಬ ಅಮೆರಿಕದ ಹಿಪ್ ಹಾಪ್ ನಿರ್ಮಾಪಕನ ಬಗ್ಗೆ ಒಂದು ಲೇಖನ ಹಾಕಿದ್ದೀರಿ. ಅವನ ‘ಡೋನಟ್ಸ್’ ಆಲ್ಬಮ್‌ಗೆ ಈ ಫೆಬ್ರುವರಿಗೆ 20 ವರ್ಷ ತುಂಬಿದ ನೆಪ. ಹಾಕಿದ್ದು ಸಂತೋಷ. ಆದರೆ ಬರೆದವರು ಆ ಮನುಷ್ಯನನ್ನು ಒಂದು ಕೈಯಲ್ಲಿ ಎತ್ತಿ ಇನ್ನೊಂದು ಕೈಯಲ್ಲಿ ಕುಕ್ಕಿದ್ದಾರೆ. ಸಾಯುವ ಹೊತ್ತಿನಲ್ಲಿ ಮಾಡಿದ್ದು ಅಂತ ಅಯ್ಯೋ ಪಾಪ ಅಂದಿದ್ದಾರೆ. ಒಂದೂ ವಾದ್ಯ ನುಡಿಸದೆ ಬೇರೆಯವರ ಹಾಡು ಕತ್ತರಿಸಿ ಅಂಟಿಸಿದ್ದು ಸಂಗೀತ ಹೇಗಾದೀತು ಅಂತಲೂ ಕೇಳಿದ್ದಾರೆ. ‘ಕತ್ತರಿಸಿ ಅಂಟಿಸುವುದು’ ಅನ್ನುವ ಮಾತನ್ನು ಬೈಗುಳದ ಹಾಗೆ ಬಳಸಿದ್ದಾರಲ್ಲ, ಅದು ನನಗೆ ಚುಚ್ಚಿತು. 29 ವರ್ಷ ನಾನು ಮಾಡಿದ್ದು ಅದನ್ನೇ ಅಲ್ವಾ?

ನಿಜ ಹೇಳಬೇಕೆಂದರೆ ಮೊದಲ ಸಲ ಕೇಳಿದಾಗ ನನಗೂ ಹಾಗೇ ಅನಿಸಿತ್ತು. ಎರಡು ವರ್ಷದ ಹಿಂದೆ ಮೊಮ್ಮಗಳು ಹೆಡ್‌ಫೋನ್ ತಂದು ತಲೆಗೆ ಸಿಕ್ಕಿಸಿ, ‘ತಾತ, ಕೇಳು, ನಿನ್ನ ಕೆಲಸದ ಹಾಗೇ ಇದೆ’ ಅಂದಳು. ಅವಳು ಫೋನಿನಲ್ಲಿ ವಿಡಿಯೋ ಎಡಿಟ್ ಮಾಡುತ್ತಾಳೆ. ಬೆರಳು ಸವರಿದರೆ ಕಟ್, ಇನ್ನೊಮ್ಮೆ ಸವರಿದರೆ ವಾಪಸ್. ಬ್ಲೇಡಿಗೆ ಆ ವಾಪಸ್ ಇರಲಿಲ್ಲ, ಅದು ಅವಳಿಗೆ ಇನ್ನೂ ನಂಬಿಕೆ ಬಂದಿಲ್ಲ. ಇರಲಿ. ನಾನು ಕಣ್ಣು ಮುಚ್ಚಿ ಕೂತೆ. ಒಂದು ಹಾಡು ಶುರುವಾಯಿತು. ಇನ್ನೇನು ಹಿಡಿತಕ್ಕೆ ಸಿಕ್ಕಿತು ಅನ್ನುವಷ್ಟರಲ್ಲಿ ಮುಗಿಯಿತು. ಇನ್ನೊಂದು ಬಂತು, ಅದೂ ಅಷ್ಟೇ. ನಡುವೆ ಸೈರನ್ ಕೂಗಿತು. ಒಂದೇ ಮಾತಿನ ತುಂಡು ಮತ್ತೆ ಮತ್ತೆ ಬಂತು. ರೆಕಾರ್ಡಿನ ಗೀರಿನಲ್ಲಿ ಮುಳ್ಳು ಸಿಕ್ಕಿಕೊಂಡಿದೆ ಅಂದುಕೊಂಡೆ. ಆಮೇಲೆ ಒಂದು ಕಡೆ ಹೆಣ್ಣು ದನಿ ‘ಸ್ಟಾಪ್’ ಅಂದಿತು, ಪೂರ್ತಿ ನಿಶ್ಶಬ್ದ. ನಾನು ಹೆಡ್‌ಫೋನ್ ಕಿತ್ತು, ‘ಹೋಯ್ತು ನೋಡು ಬ್ಯಾಟರಿ’ ಅಂದೆ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಅಷ್ಟರಲ್ಲಿ ನನ್ನ ಕೈಯಲ್ಲಿ ನೇತಾಡುತ್ತಿದ್ದ ಹೆಡ್‌ಫೋನಿನಲ್ಲಿ ಹಾಡು ಮತ್ತೆ ಶುರುವಾಗಿತ್ತು.

ರೇಡಿಯೋದವನಿಗೆ ನಿಶ್ಶಬ್ದ ಅಂದರೆ ಎದೆ ಧಸಕ್ ಅನ್ನುತ್ತದೆ. ಪ್ರಸಾರದಲ್ಲಿ ನಾಲ್ಕು ಸೆಕೆಂಡ್ ಏನೂ ಕೇಳಿಸದಿದ್ದರೆ ಕಂಟ್ರೋಲ್ ರೂಮಿನಲ್ಲಿ ಕುರ್ಚಿಗಳು ಹಿಂದಕ್ಕೆ ಸರಿಯುತ್ತವೆ, ಮರುದಿನ ಮೇಜಿನ ಮೇಲೆ ಮೆಮೊ ಇರುತ್ತದೆ. ಆ ಹೆದರಿಕೆಯನ್ನು ಈ ಹುಡುಗ ಬೇಕೆಂದೇ ಹಾಡಿನ ಹೊಟ್ಟೆಯೊಳಗೆ ಇಟ್ಟಿದ್ದಾನೆ. ಆ ದನಿ ಅಮೆರಿಕದ ಗಾಯಕಿ ಡಿಯಾನ್ ವಾರ್‌ವಿಕ್ ಅವರದು, 1973ರ ಹಾಡಿನಿಂದ ಎತ್ತಿದ್ದು. ನಿಲ್ಲು ಅಂದಾಗ ಹಾಡು ನಿಜವಾಗಿಯೂ ನಿಲ್ಲುತ್ತದೆ. ಐಡಿಯಾ ಯಾರಿಗೆ ಬೇಕಾದರೂ ಹೊಳೆದೀತು. ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದರಲ್ಲಿ ಇರುವುದು ಕೆಲಸ. ಕೊಂಚ ಕಡಿಮೆಯಾದರೆ ಅದು ತಾಳದೊಳಗೆ ಕರಗಿಹೋಗುತ್ತದೆ. ಕೊಂಚ ಜಾಸ್ತಿಯಾದರೆ ಹಾಡು ಸತ್ತೇಹೋಗುತ್ತದೆ. ಅವನು ನನ್ನ ಕೈ ಹೆಡ್‌ಫೋನಿಗೆ ಹೋಗುವಷ್ಟು ಹೊತ್ತು ನಿಲ್ಲಿಸಿದ. ಸರಿಯಾಗಿ ಅಷ್ಟೇ.

ಅವತ್ತಿನಿಂದ ಆ ಆಲ್ಬಮ್‌ನ 43 ನಿಮಿಷವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಲು ಸುಮ್ನೆ ಕೇಳಿದೆ. ಆಮೇಲೆ ನೋಟ್‌ಬುಕ್ ಹಿಡಿದು ಕೇಳಿದೆ, ಕಟ್‌ಗಳನ್ನು ಎಣಿಸುತ್ತಾ. ವಯಸ್ಸಾದ ಕಿವಿ ನನ್ನದು. ಸಿಂಬಲ್‌ನ ಸಣ್ಣ ಸದ್ದು ಈಗ ಕೇಳಿಸುವುದೇ ಇಲ್ಲ. ಆದರೆ ಎಲ್ಲಿ ಕತ್ತರಿ ಬಿದ್ದಿದೆ ಅನ್ನುವುದು ಕೇಳಿಸುತ್ತದೆ. ಅದು ಹೋಗುವ ಚಟವಲ್ಲ.

ಆಳು ಯಾರು ಅನ್ನುವುದು ನಿಮ್ಮ ಲೇಖನದಲ್ಲಿ ಅರ್ಧವಷ್ಟೇ ಬಂದಿದೆ. ಹೆಸರು ಜೇಮ್ಸ್ ಡೆವಿಟ್ ಯಾನ್ಸಿ, 1974ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದವನು. ತಾಯಿ ಒಪೆರಾ ಹಾಡುಗಾರಿಕೆ ಕಲಿತವರು, ತಂದೆ ಬಾಸ್ ನುಡಿಸುತ್ತಿದ್ದರು. ಅದೇ ಊರಿನ ಕೀಬೋರ್ಡ್ ವಾದಕ ಆಂಪ್ ಫಿಡ್ಲರ್ ಅವನಿಗೆ ಸದ್ದು ತುಂಬಿಟ್ಟು ನುಡಿಸುವ ಎಂಪಿಸಿ ಎಂಬ ಯಂತ್ರವನ್ನು ಪರಿಚಯಿಸಿದರು. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, ಡಿ ಲಾ ಸೋಲ್, ಕಾಮನ್, ಎರಿಕಾ ಬಾಡು, ಹೀಗೆ ದೊಡ್ಡ ದೊಡ್ಡವರಿಗೆ ಬೀಟ್, ಅಂದರೆ ಹಾಡಿನ ಹಿನ್ನೆಲೆ ಸಂಗೀತ, ಮಾಡಿಕೊಟ್ಟ. ದೊಡ್ಡ ಕಂಪನಿಯೊಂದಕ್ಕೆ ತನ್ನದೇ ಆಲ್ಬಮ್ ಮಾಡಿದ. ಅದು ಹೊರಗೆ ಬರದೆ ಅಟ್ಟದಲ್ಲೇ ಉಳಿಯಿತು. ಆಗ ಏನು ಮಾಡಿದ ಗೊತ್ತಾ? 2003ರಲ್ಲಿ ‘ರಫ್ ಡ್ರಾಫ್ಟ್’ ಅಂತ ಒಂದು ರೆಕಾರ್ಡನ್ನು ತಾನೇ ಹೊರತಂದ. ಇದು ನೇರ ಕ್ಯಾಸೆಟ್ಟಿನಿಂದ ಬಂದ ಸದ್ದು ಅಂತ ಶುರುವಿನಲ್ಲೇ ಹೇಳಿಕೊಳ್ಳುತ್ತಾನೆ. ಎಲ್ಲರೂ ಕ್ಯಾಸೆಟ್ಟಿನ ಸುಯ್ ಅನ್ನುವ ಸದ್ದು ತೊಳೆಯಲು ಒದ್ದಾಡುತ್ತಿದ್ದ ಕಾಲದಲ್ಲಿ! ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿ. ‘ಡೋನಟ್ಸ್’ ಬಂದದ್ದೂ ಸ್ಟೋನ್ಸ್ ಥ್ರೋ ಎಂಬ ಲಾಸ್ ಏಂಜಲೀಸ್‌ನ ಸಣ್ಣ ಸ್ವತಂತ್ರ ಲೇಬಲ್‌ನಿಂದ. 31 ತುಂಡುಗಳು. ಒಂದೊಂದೂ ಸರಾಸರಿ ಒಂದು ನಿಮಿಷ 20 ಸೆಕೆಂಡ್ ಚಿಲ್ಲರೆ. ರ‍್ಯಾಪ್ ಮಾಡುವವರು ಯಾರೂ ಇಲ್ಲ. ದೊಡ್ಡ ಕಂಪನಿಯ ಮೀಟಿಂಗಿನಲ್ಲಿ ಇದನ್ನು ಯಾರು ಒಪ್ಪುತ್ತಿದ್ದರು ಹೇಳಿ?

ಈಗ ವಾದ್ಯದ ವಿಷಯ. ಮೊದಲನೆಯದಾಗಿ ಅವನಿಗೆ ಕೀಬೋರ್ಡ್, ಡ್ರಮ್ ಎರಡೂ ಬರುತ್ತಿತ್ತು. ಅದನ್ನು ಬಿಡಿ, ಎಂಪಿಸಿಯನ್ನೇ ತೆಗೆದುಕೊಳ್ಳಿ. ಅವನು ಬಳಸಿದ ಎಂಪಿಸಿ 3000 ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿ ಇದೆ. ಮೇಲೆ 16 ರಬ್ಬರ್ ಪ್ಯಾಡುಗಳು. ಒಂದೊಂದರಲ್ಲೂ ಒಂದು ಸದ್ದು ತುಂಬಿಡಬಹುದು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ ನುಡಿಯುತ್ತದೆ, ಜೋರಾಗಿ ತಟ್ಟಿದರೆ ಜೋರಾಗಿ. ಇಂಥ ಯಂತ್ರಗಳಿಗೆ ಇನ್ನೊಂದು ಗುಣವಿದೆ. ನಿಮ್ಮ ಬೆರಳು ಸ್ವಲ್ಪ ಆಚೀಚೆ ಬಿದ್ದರೆ ಆ ಪೆಟ್ಟನ್ನು ತಾವೇ ಎಳೆದು ಸರಿಯಾದ ಜಾಗದಲ್ಲಿ ಕೂರಿಸುತ್ತವೆ. ಕ್ವಾಂಟೈಸ್ ಅನ್ನುತ್ತಾರೆ. ರೋಜರ್ ಲಿನ್ ಎಂಬ ಎಂಜಿನಿಯರ್ 1980ರ ಡ್ರಮ್ ಮೆಷಿನ್‌ನಲ್ಲೇ ಇದನ್ನು ಇಟ್ಟಿದ್ದ. 1988ರಲ್ಲಿ ಅಕಾಯ್ ಕಂಪನಿಗಾಗಿ ಮೊದಲ ಎಂಪಿಸಿ ರೂಪಿಸಿದವನೂ ಅವನೇ. ಕೈಗೆ ಬಾರದವನೂ ತಾಳ ತಪ್ಪದ ಹಾಗೆ ಮಾಡುವ ಸೌಕರ್ಯ ಅದು. ಡಿಲ್ಲಾ ಅದೇ ಸೌಕರ್ಯವನ್ನು ಬೇಕಾದ ಕಡೆ ಆರಿಸಿದ, ಬೇಕಾದ ಕಡೆ ತಿರುಚಿದ. ಒಂದು ಪೆಟ್ಟು ನೆಟ್ಟಗೆ, ಇನ್ನೊಂದು ವಾಲಿಕೊಂಡು.

ಎಷ್ಟು ವಾಲಿಕೊಂಡು? ಹಳೆ ಚಾಳಿ, ಟೇಪಿನ ಲೆಕ್ಕಕ್ಕೆ ಇಳಿಸಿ ನೋಡಿದೆ. ಎಂಪಿಸಿ 3000 ತಾಳದ ಒಂದು ಎಣಿಕೆಯನ್ನು, ಅದಕ್ಕೂ ಬೀಟ್ ಅಂತಲೇ ಹೆಸರು, 96 ಭಾಗ ಮಾಡುತ್ತದೆ. ನಿಮಿಷಕ್ಕೆ 90 ಬೀಟಿನ ಹಾಡು ಅಂದುಕೊಳ್ಳಿ. ಆಗ ಒಂದು ಭಾಗ ಅಂದರೆ ಸುಮಾರು 7 ಮಿಲಿಸೆಕೆಂಡ್. ನಮ್ಮ ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುತ್ತಿತ್ತು. ಅಂದರೆ ಟೇಪಿನ ಮೇಲೆ ಆ ಒಂದು ಭಾಗ ಒಂದೂಕಾಲು ಮಿಲಿಮೀಟರ್ ಚಿಲ್ಲರೆ. ನನ್ನ ಮೇಣದ ಪೆನ್ಸಿಲ್ಲಿನ ಗೆರೆಯೇ ಅದಕ್ಕಿಂತ ದಪ್ಪ! ಅವನು ಎರಡು ಮೂರು ಗೆರೆಯ ದಪ್ಪದೊಳಗೆ ಆಟ ಆಡಿದ. ಸ್ನೇರ್ ಅನ್ನುವ ಚುರುಕು ಸದ್ದಿನ ಡ್ರಮ್ ಒಂಚೂರು ಮುಂಚೆ, ಕಿಕ್ ಅನ್ನುವ ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ ಒಂಚೂರು ತಡ. ಇಷ್ಟಕ್ಕೆ ಹಾಡಿನ ನಡಿಗೆಯೇ ಬದಲಾಗುತ್ತದೆ. ದಿ ರೂಟ್ಸ್ ತಂಡದ ಡ್ರಮ್ಮರ್ ಕ್ವೆಸ್ಟ್‌ಲವ್ ಅವನ ಬೀಟನ್ನು ಮೊದಲ ಸಲ ಕೇಳಿದಾಗ, ಕುಡಿದ ಮೂರು ವರ್ಷದ ಮಗು ಕಿಕ್ ಬಾರಿಸಿದ ಹಾಗಿದೆ ಅನಿಸಿತಂತೆ. ಗಡಿಯಾರದ ಹಾಗೆ ಬಾರಿಸುತ್ತಾನೆ ಅಂತ ಹೆಸರಾದವನು ಆತ. ಆಮೇಲೆ ಕಲಿತದ್ದನ್ನು ಮರೆತು, ಆ ವಾಲಾಟವನ್ನು ಕೈಯಲ್ಲಿ ಬಾರಿಸಲು ಅಭ್ಯಾಸ ಮಾಡಿದ. ಯಂತ್ರ ಮನುಷ್ಯನನ್ನು ನೋಡಿ ಕಲಿಯುವುದು ಕೇಳಿದ್ದೇವೆ. ಇಲ್ಲಿ ಡ್ರಮ್ಮರ್‌ಗಳು ಯಂತ್ರದ ಮೇಲೆ ತಟ್ಟಿದವನನ್ನು ನೋಡಿ ಕಲಿತರು.

ಈ ಒಂದೆರಡು ಗೆರೆಯ ಬೆಲೆ ನನಗೆ ಗೊತ್ತಾದದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತು. ವಯಸ್ಸಾದ ಹಾಡುಗಾರರೊಬ್ಬರ ಸಂದರ್ಶನ. ರೆಕಾರ್ಡ್ ಆಗಿದ್ದು 23 ನಿಮಿಷ, ಸಿಕ್ಕಿದ್ದು 14 ನಿಮಿಷದ ಜಾಗ. ಒಂದು ಮಾತನ್ನೂ ಬಿಡಬಾರದು ಅಂತ ನಿರ್ಮಾಪಕರ ಹಟ. ನಾನು ಜಾಣತನ ಮಾಡಿದೆ. ಮಾತು ಮುಟ್ಟಲಿಲ್ಲ, ಉಸಿರು ಕತ್ತರಿಸಿದೆ. ಅವರು ಮಾತಿನ ನಡುವೆ ತುಂಬಾ ನಿಲ್ಲುತ್ತಿದ್ದರು. ಒಂದು ಉಸಿರಿಗೆ ಅರ್ಧ ಗೇಣು ಟೇಪು. ಒಂದು ನಿಲುಗಡೆಗೆ ಎರಡು ಗೇಣು, ಕೆಲವಕ್ಕೆ ಎರಡು ಮೊಳ. ಎರಡು ರಾತ್ರಿ ಕೂತು ಅಷ್ಟನ್ನೂ ತೆಗೆದೆ. 14 ನಿಮಿಷಕ್ಕೆ ಕೂತಿತು. ಬೆನ್ನು ತಟ್ಟಿಕೊಂಡೆ. ಪ್ರಸಾರಕ್ಕೆ ಮುಂಚೆ ಅವರೇ ಬಂದು ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾತೆಲ್ಲ ನನ್ನದೇ ಕಣಪ್ಪ. ಆದರೆ ಯಾರೋ ಬಸ್ಸು ತಪ್ಪುತ್ತೆ ಅಂತ ಓಡ್ತಾ ಮಾತಾಡ್ದಂಗಿದೆ’ ಅಂದರು.

ಬ್ಲೇಡಿಗೆ ವಾಪಸ್ ಇಲ್ಲ ಅಂದೆನಲ್ಲ. ಪುಣ್ಯಕ್ಕೆ ಕಸದ ಡಬ್ಬಿ ಇನ್ನೂ ಖಾಲಿ ಮಾಡಿರಲಿಲ್ಲ. ನೆಲದ ಮೇಲೆ ಕೂತು ಆ ತುಣುಕುಗಳನ್ನು ಒಂದೊಂದಾಗಿ ಕೈಯಲ್ಲಿ ಎಳೆದು ಟೇಪ್ ಯಂತ್ರದ ಸದ್ದು ಓದುವ ಹೆಡ್ಡಿಗೆ ತಾಗಿಸಿ ಕೇಳಿದೆ. ಯಾವುದು ಉಸಿರು, ಯಾವುದು ಕೆಮ್ಮು, ಯಾವುದು ಬರೀ ಕೋಣೆಯ ಮೌನ. ಹನ್ನೊಂದು ಉಸಿರು ಸಿಕ್ಕವು, ವಾಪಸ್ ಸೇರಿಸಿದೆ. ಎರಡು ಪ್ರಶ್ನೆ ಹಾರಿಹೋದವು, ನಿರ್ಮಾಪಕರು ಒಂದು ವಾರ ಮಾತಾಡಲಿಲ್ಲ. ಅದಾದ ಮೇಲೆ ನಾನು ಯಾರದೇ ದನಿ ಕತ್ತರಿಸಿದರೂ ಉಸಿರಿನ ತುಣುಕುಗಳನ್ನು ಮೇಜಿನ ಅಂಚಿಗೆ ಅಂಟಿಸಿ, ಮೇಲೆ ಹೆಸರು ಬರೆದು ಇಟ್ಟುಕೊಳ್ಳುತ್ತಿದ್ದೆ.

ಅದಕ್ಕೇ ‘ಡೋಂಟ್ ಕ್ರೈ’ ಎಂಬ ತುಂಡು ಬಂದಾಗ ನನ್ನ ಕೈ ನಿಂತುಹೋಗುತ್ತದೆ. ನಿಮ್ಮ ಲೇಖಕರು ಇದನ್ನು ಹೆಸರಿಸಿಯೇ ಇಲ್ಲ. ಅದರ ಮೂಲ ದಿ ಎಸ್ಕಾರ್ಟ್ಸ್ ಎಂಬ ತಂಡದ ಹಾಡು. ನ್ಯೂ ಜೆರ್ಸಿಯ ರಾವೇ ಜೈಲಿನಲ್ಲಿ ಕೈದಿಗಳು ಸೇರಿ ಕಟ್ಟಿಕೊಂಡ ತಂಡ ಅದು. ನೀನು ಅಳುವುದನ್ನು ನೋಡಲಾರೆ ಅಂತ ಅವರು ಹಾಡುತ್ತಾರೆ. ಡಿಲ್ಲಾ ಮೊದಲು ಆ ಹಾಡನ್ನು ಹೆಚ್ಚುಕಡಿಮೆ ಇದ್ದ ಹಾಗೇ ಕೇಳಿಸುತ್ತಾನೆ. ನೋಡಿ, ಇದು ಬಟ್ಟೆ, ಇನ್ನೂ ಕತ್ತರಿ ಹಾಕಿಲ್ಲ ಅನ್ನುವ ಹಾಗೆ. ಆಮೇಲೆ ನಿಮ್ಮ ಎದುರಿಗೇ ಅದನ್ನು ಚೂರು ಮಾಡಿ, ಚೂರುಗಳನ್ನು ಅದಲುಬದಲು ಮಾಡಿ ಬೇರೆಯೇ ಒಂದು ಹಾಡು ಹೊಲಿಯುತ್ತಾನೆ. ಮಾತು ಪೂರ್ತಿಯಾಗುವುದಿಲ್ಲ. ಬಿಕ್ಕುವವನ ಮಾತು ತುಂಡಾಗುವ ಹಾಗೆ ತುಂಡಾಗುತ್ತದೆ. ಎಲ್ಲಿ ಕತ್ತರಿಸಿದ್ದಾನೆ ಗಮನಿಸಿ. ಪದದ ಕೊನೆಯಲ್ಲಿ ಅಲ್ಲ, ಪದ ಶುರುವಾಗುವ ಮುಂಚಿನ ಆ ಎಳೆತದಲ್ಲಿ. ನಾನು ಕಸದ ಡಬ್ಬಿಗೆ ಹಾಕಿದ್ದನ್ನು ಅವನು ಹಾಡು ಮಾಡಿದ್ದಾನೆ.

ಕದ್ದ ಸಾಮಾನು ಅಂತ ಲೇಖಕರು ಬರೆದಿದ್ದಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ಬೇರೆ ತಕರಾರು. ಸಂಗೀತ ಹೌದೋ ಅಲ್ಲವೋ ಅನ್ನುವುದು ಕಿವಿಗೆ ಸೇರಿದ್ದು. ದುಡ್ಡು, ಹೆಸರು ಯಾರಿಗೆ ಸೇರಬೇಕು ಅನ್ನುವುದು ನ್ಯಾಯಕ್ಕೆ ಸೇರಿದ್ದು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಎರಡೂ ಕೆಡುತ್ತವೆ. 1991ರಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪರ್ ಅನುಮತಿ ಇಲ್ಲದೆ ಹಳೆ ಹಾಡೊಂದರ ತುಂಡು ಬಳಸಿದ್ದಕ್ಕೆ ನ್ಯೂಯಾರ್ಕ್‌ನ ನ್ಯಾಯಾಧೀಶರು, ಕದಿಯಬಾರದು ಎಂಬ ಬೈಬಲ್ ಮಾತಿನಿಂದಲೇ ತೀರ್ಪು ಶುರು ಮಾಡಿದ್ದರು. ಆಮೇಲೆ ಸ್ಯಾಂಪಲ್‌ಗೆ, ಅಂದರೆ ಹೀಗೆ ಎತ್ತಿದ ತುಂಡಿಗೆ, ಅನುಮತಿ ಪಡೆಯುವುದು, ದುಡ್ಡು ಕಟ್ಟುವುದು ದಂಧೆಯ ರೀತಿಯೇ ಆಯಿತು. ಸರಿ. ಆದರೆ ಆ ದುಡ್ಡು ಯಾರ ಜೇಬಿಗೆ ಹೋಗುತ್ತದೆ? ಹಾಡು ಬರೆದವರು ಅಂತ ಕಾಗದದಲ್ಲಿ ಇರುವವರಿಗೆ, ರೆಕಾರ್ಡಿನ ಒಡೆತನ ಇರುವ ಕಂಪನಿಗೆ. ಬಾರಿಸಿದವನಿಗೆ ಸಾಮಾನ್ಯವಾಗಿ ಏನೂ ಇಲ್ಲ.

ಕ್ಲೈಡ್ ಸ್ಟಬಲ್‌ಫೀಲ್ಡ್ ಅಂತ ಒಬ್ಬ ಡ್ರಮ್ಮರ್ ಇದ್ದ. ಗಾಯಕ ಜೇಮ್ಸ್ ಬ್ರೌನ್ ತಂಡದಲ್ಲಿದ್ದಾಗ 1969ರಲ್ಲಿ ‘ಫಂಕಿ ಡ್ರಮ್ಮರ್’ ಹಾಡಿನಲ್ಲಿ ಕೆಲವೇ ಸೆಕೆಂಡ್ ಒಬ್ಬನೇ ಬಾರಿಸಿದ. ಮುಂದೆ ಹಿಪ್ ಹಾಪ್‌ನ ನೂರಾರು ಹಾಡುಗಳು ಆ ಕೆಲವು ಸೆಕೆಂಡಿನ ಮೇಲೆ ನಿಂತವು. ಹಾಡು ಬರೆದವನು ಅಂತ ಅವನ ಹೆಸರು ಇರಲಿಲ್ಲ, ಹಾಗಾಗಿ ರಾಯಲ್ಟಿಯೂ ಬರಲಿಲ್ಲ. 2017ರಲ್ಲಿ ತೀರಿಕೊಂಡ. ಇದಕ್ಕೆ ಸಿಟ್ಟು ಬರಬೇಕು, ನನಗೂ ಬರುತ್ತದೆ. 29 ವರ್ಷದಲ್ಲಿ ಕಾರ್ಯಕ್ರಮದ ಕೊನೆಗೆ ನಿರೂಪಣೆ ಇಂಥವರು, ನಿರ್ಮಾಣ ಇಂಥವರು ಅಂತ ಓದುತ್ತಿದ್ದರು. ಕತ್ತರಿಸಿದವನ ಹೆಸರು ಒಂದು ದಿನವೂ ಬರಲಿಲ್ಲ. ಹಾಗಂತ ಸಿಟ್ಟನ್ನೆಲ್ಲ ತಂದು ಕತ್ತರಿಸಿದವನ ತಲೆಗೇ ಕಟ್ಟಿದರೆ ಹೇಗೆ? ಆ ಕೆಲವು ಸೆಕೆಂಡಿನಲ್ಲಿ ಚಿನ್ನ ಇದೆ ಅಂತ ಕಿವಿಯಿಟ್ಟು ಕಂಡವರು ಈ ಕತ್ತರಿಯವರೇ. ಅವರು ಎತ್ತದಿದ್ದರೆ ಕ್ಲೈಡ್ ಹೆಸರು ನನ್ನವರೆಗೆ ಬರುತ್ತಲೇ ಇರಲಿಲ್ಲ.

ಇನ್ನೊಂದು ಮಾತು ಇಲ್ಲೇ ಸೇರಿಸಿಬಿಡುತ್ತೇನೆ. ಇದು ಹೊಸಬರ ಸೋಮಾರಿತನ ಅನ್ನುವ ಧಾಟಿ ಲೇಖನದಲ್ಲಿದೆ. 1948ರಲ್ಲಿ ರೈಲಿನ ಸದ್ದನ್ನು ತುಂಡು ಮಾಡಿ ಜೋಡಿಸಿ ಸಂಗೀತ ಮಾಡಿದ ಪಿಯರ್ ಶೆಫರ್ ಫ್ರೆಂಚ್ ರೇಡಿಯೋದ ಎಂಜಿನಿಯರ್. ನಮ್ಮ ಜಾತಿಯವನೇ! 1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಬಡಾವಣೆಯ ಪಾರ್ಟಿಗಳಲ್ಲಿ ಡಿಜೆ ಕೂಲ್ ಹರ್ಕ್ ಹಾಡಿನ ಡ್ರಮ್ ಭಾಗವನ್ನಷ್ಟೇ ಹಿಡಿದು ಉದ್ದ ಮಾಡಲು ಶುರು ಮಾಡಿದ. ಮುಂದೆ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದು ಮುಗಿದರೆ ಇನ್ನೊಂದು. 1987ರ ಎಸ್‌ಪಿ 1200 ಎಂಬ ಸ್ಯಾಂಪಲ್ ತುಂಬುವ ಯಂತ್ರದಲ್ಲಿ ಒಟ್ಟು 10 ಸೆಕೆಂಡ್ ಸದ್ದಿಗಷ್ಟೇ ಜಾಗ. ಅದಕ್ಕೆ ಹುಡುಗರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಯಂತ್ರದಲ್ಲಿ ನಿಧಾನ ಮಾಡುತ್ತಿದ್ದರು. ಟೇಪು ಉಳಿಸಲು ನಾವು ವೇಗ ಇಳಿಸುತ್ತಿದ್ದ ಹಾಗೆಯೇ. ಸೋಮಾರಿಗಳಿಗೆ ಇಂಥ ಉಪಾಯ ಹೊಳೆಯುವುದಿಲ್ಲ.

ಕೊನೆಗೆ ಆ ಆಸ್ಪತ್ರೆಯ ಕಥೆ. ಡಿಲ್ಲಾಗೆ ರಕ್ತದ ಅಪರೂಪದ ಕಾಯಿಲೆ ಇತ್ತು, ದೇಹದ ರಕ್ಷಣಾ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಲೂಪಸ್ ಎಂಬ ಕಾಯಿಲೆಯೂ ಇತ್ತು. ಆಲ್ಬಮ್ ಬಂದದ್ದು 2006ರ ಫೆಬ್ರುವರಿ 7ರಂದು, ಅವನ 32ನೇ ಹುಟ್ಟುಹಬ್ಬದ ದಿನ. ತೀರಿಕೊಂಡದ್ದು 10ರಂದು. ಇಷ್ಟು ನಿಜ. ಆದರೆ ಇಡೀ ಆಲ್ಬಮ್ ಆಸ್ಪತ್ರೆಯ ಹಾಸಿಗೆಯ ಮೇಲೆ ಹುಟ್ಟಿತು ಎಂಬ ಕಥೆಯನ್ನು ಡ್ಯಾನ್ ಚಾರ್ನಸ್ ಎಂಬ ಲೇಖಕರು ಡಿಲ್ಲಾ ಬಗ್ಗೆ ಬರೆದ 2022ರ ಪುಸ್ತಕದಲ್ಲಿ ತಿದ್ದಿದ್ದಾರೆ. ಬಹುಪಾಲು ಅದಕ್ಕೂ ಮುಂಚೆಯೇ ಆಗಿತ್ತು. ಅದನ್ನು ಆಲ್ಬಮ್‌ನ ಅಳತೆಗೆ ತರುವಲ್ಲಿ ಲೇಬಲ್‌ನ ಜೆಫ್ ಜ್ಯಾಂಕ್ ಎಂಬವರ ಎಡಿಟಿಂಗ್ ಕೂಡ ಇತ್ತು. ನೋಡಿ, ಇಲ್ಲೂ ಒಬ್ಬ ಎಡಿಟರ್, ಇವರ ಹೆಸರನ್ನೂ ಯಾರೂ ಹೇಳುವುದಿಲ್ಲ. ಕನಿಕರದಿಂದ ಕೇಳಿದರೆ ಈ ರೆಕಾರ್ಡಿನ ತುಂಟತನವೇ ಕೇಳಿಸುವುದಿಲ್ಲ. ಮೊದಲ ತುಂಡಿಗೆ ‘ಔಟ್ರೋ’ ಅಂತ ಹೆಸರಿಟ್ಟಿದ್ದಾನೆ! ಮುಕ್ತಾಯದಿಂದ ಶುರು. ಕೊನೆಯ ತುಂಡು ಮುಗಿಯುವ ರೀತಿ ನೋಡಿದರೆ ಮತ್ತೆ ಮೊದಲನೆಯದಕ್ಕೆ ಹೋಗಿ ಸೇರಿಕೊಳ್ಳುತ್ತದೆ. ನಾವು ಟೇಪಿನ ತಲೆಗೆ ಬಾಲ ಅಂಟಿಸಿ ಲೂಪ್ ಮಾಡುತ್ತಿದ್ದ ಹಾಗೆ. ರಿಪೀಟ್ ಒತ್ತಿ ಬಿಟ್ಟರೆ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಮೊಮ್ಮಗಳು ಹೇಳುವ ತನಕ ನಾನು ಎರಡನೇ ಸುತ್ತು ಕೇಳುತ್ತಿದ್ದೇನೆ ಅಂತ ನನಗೇ ತಿಳಿದಿರಲಿಲ್ಲ.

ಪತ್ರ ಉದ್ದವಾಯಿತು, ಗೊತ್ತು. ನಿಮಗೆ ಇರುವ ಜಾಗವೂ ಗೊತ್ತು. ಕತ್ತರಿಸುವುದು ನಿಮ್ಮ ಹಕ್ಕು, ನಾನು ಗೊಣಗುವುದಿಲ್ಲ. ಮ್ಯೂಸಿಯಂ ವಿಷಯ ತೆಗೆಯಬಹುದು. ಮಿಲಿಮೀಟರಿನ ಲೆಕ್ಕವೂ ಹೋಗಲಿ, ಅದು ನನ್ನ ಚಪಲ. ಮೊಮ್ಮಗಳ ಬ್ಯಾಟರಿ ಪ್ರಸಂಗ ಬೇಡ ಅನಿಸಿದರೆ ಅದನ್ನೂ ತೆಗೆಯಿರಿ, ಅವಳಿಗೆ ನಾನು ಸಮಾಧಾನ ಹೇಳುತ್ತೇನೆ. ಕ್ಲೈಡ್ ಸ್ಟಬಲ್‌ಫೀಲ್ಡ್ ಹೆಸರು ಮಾತ್ರ ಬಿಡಬೇಡಿ.

ಇಂತಿ,
ನಿವೃತ್ತ ಟೇಪ್ ಎಡಿಟರ್